ಗೋಡೆಯ ಮೇಲೆ ಕೂತ ಗರುಡ

ಅಪರೂಪದ ಬೇಟೆಹಕ್ಕಿ ಕಂಡರೆ ಕಾರ್ಡು ಬರೆಯಿರಿ ಎಂದು ಕಾಶಿಯ ನಮ್ಮ ಪಕ್ಷಿಬಳಗ ಪತ್ರಿಕೆಯಲ್ಲಿ ಪ್ರಕಟಿಸಿತ್ತು. ಬಂದ ಕಾರ್ಡುಗಳನ್ನು ವಿಚಾರಿಸಿ 'ನಿಜ' ಅಥವಾ 'ಸುಳ್ಳು' ಎಂದು ಗುರುತು ಹಾಕುವುದು ನನ್ನ ಪಾಲಿನ ಕೆಲಸ. ಆ ವರ್ಷ ಬಂದವುಗಳಲ್ಲಿ ಮುಕ್ಕಾಲು ಪಾಲು ಮಾಮೂಲಿ ಹದ್ದು. ಒಂದು ಗಾಳಿಪಟ.

2007ರ ಕಾರ್ತಿಕದಲ್ಲಿ ಒಂದೇ ದಿನ ಕನ್ನಡದ ಕಾರ್ಡು ಎರಡು ಬಂದವು. ಒಂದು ದಶಾಶ್ವಮೇಧ ಘಾಟಿನ ಹಿಂದಿನ ಗಲ್ಲಿಯಲ್ಲಿ ಯಾತ್ರಿಕರಿಗೆ ಕೋಣೆ ಕೊಡುವ ಗೋದಾಬಾಯಿಯದು. ಇನ್ನೊಂದು ಪಕ್ಕದ ಮನೆಯ ವಿಷ್ಣುತೀರ್ಥಾಚಾರ್ಯರದು. ಅವರೂ ಕೋಣೆ ಕೊಡುತ್ತಾರೆ, ಜೊತೆಗೆ ಶ್ರಾದ್ಧವನ್ನೂ ಮಾಡಿಸುತ್ತಾರೆ. ಎರಡರಲ್ಲೂ ಒಂದೇ ಮಾತು: ಮಂಗಳವಾರ ನಮ್ಮ ಮನೆಗೆ ಸಾಕ್ಷಾತ್ ಗರುಡ ಬಂದಿದ್ದ, ಮುದ್ರೆ ಒತ್ತಿ ಸರ್ಟಿಫಿಕೇಟು ಕೊಡಿ.

ಭಾನುವಾರ ಹೋದೆ. ಮಾಳಿಗೆಯ ಛತ್ತಿನ ಮೇಲೆ ಗೋದಾಬಾಯಿ ಸೀರೆ ಎತ್ತಿ ಕಟ್ಟಿ ನೆಲ ಉಜ್ಜುತ್ತಿದ್ದರು.

"ಬಾರವಾ ಶ್ರೀರಮಾ. ರಾಯಚೂರಿಂದ ಮೂವತ್ತು ಮಂದಿ ಯಾತ್ರಿಗಳು ಇವತ್ತ ಬರ್ತಾರ. ಗರುಡ ಕೂತ ಮನೀ ಅಂದ್ರ ನಮ್ಮಲ್ಲೇ ಇಳೀತಾರ. ಲಗೂನ ಬರಕೊಡು."

"ಎಲ್ಲಿ ಕೂತಿತ್ತು, ಕಾಕೂ?"

ಅವರು ಎರಡು ಛತ್ತುಗಳ ನಡುವಿನ ಗೋಡೆ ತೋರಿಸಿದರು. "ಇಲ್ಲೇ. ಮುಖ ನಮ್ಮ ಕಡೆ."

ಗೋಡೆಯಾಚೆಯಿಂದ ಆಚಾರ್ಯರ ತಲೆ ಮೇಲೆದ್ದಿತು. "ಸುಳ್ಳು! ಮುಖ ನಮ್ಮ ಕಡೆ ಇತ್ತು. ಹಿಂಭಾಗ ಇವರ ಕಡೆ. ಬೇಕಾದ್ರ ನೆಲಾ ನೋಡು. ಮುಂಜಾನಿಂದ ಅದನ್ನ ತಿಕ್ಕಲಿಕ್ಕೆ ಹತ್ಯಾರ."

ನೋಡಿದೆ. ಎಷ್ಟು ಉಜ್ಜಿದರೂ ಗೋದಾಬಾಯಿಯ ಕಡೆ ಅಗಲವಾದ ಬಿಳಿ ಕಲೆ ಉಳಿದೇ ಇತ್ತು.

"ಅದು ಸುಣ್ಣ," ಎಂದರು ಗೋದಾಬಾಯಿ.

"ಹಕ್ಕಿ ಹೇಗಿತ್ತು?" ಎಂದೆ.

"ಹೆಂಗ ಹೇಳ್ಲಿ! ಮೈ ಕರ್ರಗ. ಬೋಳು ತಲಿ, ಕೆಂಪಗ, ಕುಂಕುಮ ಬಳಕೊಂಡಂಗ. ಕಾಲೂ ಕೆಂಪು. ನಾನು ತುಳಸೀದಳ ಹಾಕಿ ನಮಸ್ಕಾರ ಮಾಡಿದೆ."

"ನಾನು ಹಾಲು ಇಟ್ಟೆ," ಎಂದರು ಆಚಾರ್ಯರು. "ಮುಟ್ಟಲಿಲ್ಲ. ಏಕಾದಶಿ ಇತ್ತಲ್ಲ."

ಗರುಡನ ತಲೆ ಬಿಳುಪು, ಮೈ ಇಟ್ಟಿಗೆ ಬಣ್ಣ. ಇವರು ಹೇಳಿದ್ದು ಬೇರೆಯೇ ಹಕ್ಕಿ. ದನಗಳಿಗೆ ಚುಚ್ಚಿದ ನೋವಿನ ಮದ್ದು ಅವುಗಳ ಹೆಣದ ಮೂಲಕ ಹೊಟ್ಟೆ ಸೇರಿ ಕಣ್ಮರೆಯಾಗುತ್ತಿದ್ದ ಹಕ್ಕಿ ಅದು. ನಮ್ಮ ಬಳಗದ ಯಾರೂ ಊರೊಳಗೆ ಅದನ್ನು ಕಂಡು ಆರು ವರ್ಷವಾಗಿತ್ತು. ಚೀಲದಿಂದ ಪುಸ್ತಕ ತೆಗೆದು ಚಿತ್ರ ತೋರಿಸಿದೆ.

"ಇದೇ! ಇದೇ!" ಇಬ್ಬರೂ ಒಟ್ಟಿಗೆ ಕೂಗಿದರು.

"ಇದು ಗರುಡ ಅಲ್ಲ. ರಣಹದ್ದು."

ಇಬ್ಬರ ಕೈಯೂ ಪುಸ್ತಕದಿಂದ ಹಿಂದೆ ಸರಿಯಿತು. ರಣಹದ್ದು ಕೂತ ಮನೆಯನ್ನು ಬಿಟ್ಟು ಹೊರಗಿದ್ದು ಶಾಂತಿ ಮಾಡಿಸಬೇಕು. ಅಲ್ಲಿಯವರೆಗೆ ಯಾವ ಯಾತ್ರಿಕನೂ ಹೊಸ್ತಿಲು ತುಳಿಯುವುದಿಲ್ಲ. ಇಷ್ಟು ವರ್ಷ ಊರಿಗೆಲ್ಲ ಅದನ್ನು ವಿಧಿಸಿದವರು ಇದೇ ಆಚಾರ್ಯರು.

ಮೊದಲು ಚೇತರಿಸಿಕೊಂಡವರು ಗೋದಾಬಾಯಿ. ಪೊರಕೆ ಬಿಸಾಕಿ ಕಲೆಯ ಪಕ್ಕ ಕೂತೇ ಬಿಟ್ಟರು. "ನೋಡವಾ, ಹೇಲು ಈ ಕಡೆ ಬಿದ್ದದ. ಅಂದ್ರ ಮುಖ ಅವರ ಕಡೆ. ಆಚಾರ್ರು ಸುಳ್ಳು ಹೇಳೂದಿಲ್ಲ. ಅವರ ಮನೀಗೇ ಬಂದಿತ್ತು ಅಂತ ಬರಿ."

"ಏ ಬಾಯೀ, ಅದು ಸುಣ್ಣ ಅಂದ್ರಿ ಈಗ!" ಆಚಾರ್ಯರು ಒಂದು ಚೊಂಬು ನೀರಿನೊಂದಿಗೆ ಗೋಡೆ ದಾಟಿ ಬಂದು ತಾವೇ ಆ ಕಲೆ ಉಜ್ಜತೊಡಗಿದರು.

"ಮುಟ್ಟಬ್ಯಾಡ್ರಿ! ಅದು ನನ್ನ ಸಾಕ್ಷಿ!"

ಅಷ್ಟರಲ್ಲಿ ಕೆಳಗಿನ ಗಲ್ಲಿಯಲ್ಲಿ ಕನ್ನಡದ ಗದ್ದಲ ಕೇಳಿಸಿತು. ರಾಯಚೂರಿನವರು ಬಂದಿದ್ದರು.

ಗೋದಾಬಾಯಿ ದನಿ ತಗ್ಗಿಸಿದರು. "ಆಚಾರ್ರ, ನಾ ಬಾಯಿ ಬಿಟ್ಟರ ನೀವು ಹೋದ್ರಿ."

"ನಾ ಬಿಟ್ಟರ ನೀವು."

"ಹಂಗಾರ ಹದಿನೈದು ನನಗ, ಹದಿನೈದು ನಿಮಗ. ಆದ್ರ ಶಾಂತಿ?"

ಆಚಾರ್ಯರು ಗಡ್ಡ ಕೆರೆದುಕೊಂಡು ಶಾಸ್ತ್ರದ ತೀರ್ಪು ಕೊಟ್ಟರು. "ಮನೀ ಮ್ಯಾಲೆ ಕೂತ್ರ ಶಾಂತಿ. ಇದು ಬರೇ ಗೋಡಿ."

ಇಬ್ಬರೂ ನನ್ನ ಮುಖ ನೋಡಿದರು. ನಾನು ಕಾರ್ಡಿನ ಮೇಲೆ ಬರೆದೆ: ಕೆಂಪುತಲೆಯ ರಣಹದ್ದು. ನಿಜ. ಸ್ಥಳ, ದಶಾಶ್ವಮೇಧದ ಹತ್ತಿರ ಒಂದು ಗೋಡೆ.

ಮೂವರೂ ಕೆಳಗಿಳಿದಾಗ ಯಾತ್ರಿಕರು ಗಂಟುಮೂಟೆ ಹೊತ್ತು ನಿಂತಿದ್ದರು. ದಾರಿಯಲ್ಲೇ ಸುದ್ದಿ ಕೇಳಿದ್ದ ಒಬ್ಬ ಅಜ್ಜಿ, "ಗರುಡ ಬಂದ ಮನೀ ಯಾವುದ್ರೀ?" ಎಂದು ಕೇಳಿದರು. ಆಚಾರ್ಯರು ಕ್ಷಣವೂ ತಡೆಯದೆ ಆಕಾಶಕ್ಕೆ ಬೆರಳು ತೋರಿಸಿದರು.

"ಅಕೋ, ಮತ್ತ ಬಂದ! ಎರಡೂ ಮನೀ ಸುತ್ತು ಹಾಕ್ಲಿಕ್ಕೆ ಹತ್ಯಾನ!"

ಮೂವತ್ತು ಜನ ಕೈ ಮುಗಿದರು. ಮೇಲೆ ಹಾರುತ್ತಿದ್ದುದು ಮಾಮೂಲಿ ಹದ್ದು. ನಾನು ಬಾಯಿ ತೆರೆಯುವಷ್ಟರಲ್ಲಿ ಗೋದಾಬಾಯಿ ನನ್ನ ತೋಳು ಚಿವುಟಿದರು.

ನಾನೂ ಕೈ ಮುಗಿದೆ.