ಲಗಮಣ್ಣನ ಒಣ ಸುರಂಗ

ಯಾರು ಮಾತನಾಡಿಸಿದರೂ ಲಗಮಣ್ಣ ಮುಖ ತಿರುಗಿಸುತ್ತಿರಲಿಲ್ಲ, ಬಲಗಿವಿಯನ್ನು ತಿರುಗಿಸುತ್ತಿದ್ದ. ಗಡಹಿಂಗ್ಲಜದಿಂದ ಇಚಲಕರಂಜಿಯವರೆಗೆ ಬಾವಿಗಳ ಕರಿಬಂಡೆಯಲ್ಲಿ ಸುರಂಗ ಹೊಡೆಯುವುದು, ಎಂದರೆ ಮದ್ದು ತುಂಬಲು ಉಕ್ಕಿನ ಸಲಾಕೆಯಿಂದ ತೂತು ಕೊರೆಯುವುದು, ಅವನ ಕಸುಬು. ಕಾಗಲದ ಸಂತೆಯಲ್ಲಿ ಕೊಂಡು ಎರಡೂ ತೋಳು ಕತ್ತರಿಸಿಕೊಂಡಿದ್ದ ಖಾಕಿ ಕೋಟೊಂದೇ ಅವನ ಆಡಂಬರ.

ಉಕ್ಕಿಗೂ ಕಲ್ಲಿಗೂ ತಿಕ್ಕಾಟವಾದಾಗ ಸಲಾಕೆ ಕಾಯುತ್ತದೆ, ಧೂಳೇಳುತ್ತದೆ. ಆದ್ದರಿಂದ ಉಳಿದವರೆಲ್ಲ ತೂತಿಗೆ ನೀರು ಹನಿಸುತ್ತ ಕೊರೆಯುತ್ತಿದ್ದರು. ಲಗಮಣ್ಣ ಹನಿಸುತ್ತಿರಲಿಲ್ಲ. ಒಮ್ಮೆ ಯಡ್ರಾವದ ರಾವಸಾಹೇಬರ ಬಾವಿಯಲ್ಲಿ, ಒಣಗಲ್ಲಿನ ನಾದ ಬದಲಾದದ್ದನ್ನು ಕೇಳಿ, ತೂತಿನ ಜಾಗ ಬದಲಿಸಿ, ಸೆಲೆ ಹಿಡಿದಿದ್ದ. ಅಂದಿನಿಂದ ಒಣ ಸುರಂಗವೇ ಅವನ ವ್ರತವಾಯಿತು, ವ್ರತವೇ ಕೀರ್ತಿಯಾಯಿತು.

ಸುತ್ತಿಗೆ ಬೀಸುವವನು ನಿಂತಿರುತ್ತಾನೆ. ಸಲಾಕೆ ಹಿಡಿದು ಪ್ರತಿ ಏಟಿಗೂ ತಿರುಗಿಸುವವನು ತೂತಿನ ಬಾಯಿಗೆ ಮುಖವಿಟ್ಟು ಕೂತಿರುತ್ತಾನೆ. ಹಾಗೆ ಕೂತವನು ಲಗಮಣ್ಣನ ತಮ್ಮ ಸಾತಪ್ಪ. ಅವನ ರೆಪ್ಪೆಗಳೂ ಬೂದಿಬಣ್ಣಕ್ಕೆ ತಿರುಗಿದ್ದವು. ಅವನ ಹೆಂಡತಿ ಹಾಲವ್ವ ಬುತ್ತಿಯೊಡನೆ ಒಂದು ತಂಬಿಗೆ ನೀರನ್ನು ಹೆಚ್ಚಿಗೆ ತರುತ್ತಿದ್ದಳು.

“ಇಷ್ಟರ ಸುರವ್ರಿ ಭಾವಾ, ಅವರ ಎದಿ ಗೊರಗೊರ ಅಂತೈತಿ.”

“ನೀರ ಸುರವಿದ್ರ ಕಲ್ಲ ಮೂಕ ಆಕ್ಕೈತಿ, ಹಾಲವ್ವಾ.”

“ಬಿಡ, ಅಣ್ಣಗ ಕಲ್ಲ ಖಾಸಾ ತಮ್ಮ, ನಾ ಸಾವತ್ರ, ಮಲತಾಯಿ ಮಗ,” ಎಂದು ಸಾತಪ್ಪ ನಕ್ಕ. ನಗು ಕೆಮ್ಮಾಯಿತು.

“ಕೆಮ್ಮಬ್ಯಾಡಲೇ, ಕಲ್ಲಿನ ದನಿ ಕೇಳಸವಲ್ದು!”

ಆಳುಗಳ ಲೆಕ್ಕ ಬರೆಯುತ್ತ ಬಾವಿಯ ದಂಡೆಯ ಮೇಲಿದ್ದ ನನಗೆ ಆ ಮಾತಿನಲ್ಲಿ ಸಿಟ್ಟು ಕೇಳಿಸಲಿಲ್ಲ, ಬರಿಯ ಏಕಾಗ್ರತೆ ಕೇಳಿಸಿತು. ಸಿಟ್ಟಾದರೂ ಇದ್ದಿದ್ದರೆ ಚೆನ್ನಾಗಿತ್ತು.

ನಲವತ್ತಮೂರನೆಯ ಇಸವಿಯ ಸುಗ್ಗಿಗೆ ಮುಂಚೆಯೇ ಸಾತಪ್ಪ ತೀರಿಕೊಂಡ. ಮಲಗಿದರೆ ಉಸಿರು ನಿಲ್ಲುತ್ತಿದ್ದುದರಿಂದ, ಗೋಡೆಗೊರಗಿ ಕೂತೇ.

ಮುಂದಿನ ಬಾವಿ ಕಬನೂರಿನದು. ಸಲಾಕೆ ಹಿಡಿಯಲು ಬಂದ ರಾಯಪ್ಪ, “ನೀರ ಹಾಕದಿದ್ರ ನಾ ಕುಂಡ್ರಾವಲ್ಲ ನೋಡ,” ಎಂದ. ಲಗಮಣ್ಣ ನೀರು ಸುರಿದ. ತಮ್ಮನಿಗೆ ದಕ್ಕದ್ದು ಹೊರಗಿನವನಿಗೆ ಒಂದೇ ಮಾತಿಗೆ ದಕ್ಕಿತು. ಕೆಸರು ತುಂಬಿದ ತೂತಿನಲ್ಲಿ ಸಲಾಕೆ ಮಂದವಾಗಿ, ಅರ್ಥವಿಲ್ಲದೆ ಬಡಿಯಿತು. ಮದ್ದು ಸಿಡಿದಾಗ ಸೆಲೆ ಮಾತ್ರ ಧಾರಾಳವಾಗಿ ಒಡೆಯಿತು.

ಹೊಟ್ಟೆಪಾಡಿಗೆ ಅಲ್ಲಿಯೇ ಕಲ್ಲುಪುಡಿ ಹೊರುತ್ತಿದ್ದ ಹಾಲವ್ವ ಬುಟ್ಟಿ ಇಳಿಸಿ ನೀರನ್ನೇ ನೋಡಿದಳು. “ಕಲ್ಲ ಮೂಕ ಆದ್ರೂ ನೀರ ಬಂತಲ್ರಿ, ಭಾವಾ.”

ಅಂದು ಮೊದಲ ಬಾರಿಗೆ ಅವನು ಕಿವಿ ತಿರುಗಿಸಲಿಲ್ಲ. ಕೋಟಿನ ಗುಂಡಿಗಳನ್ನು ಒಂದೊಂದಾಗಿ ತಡವುತ್ತ ನಿಂತ.

ಇಂಥವರನ್ನು ಕ್ರೂರಿಗಳೆನ್ನಲು ಬಾರದು. ತಮಗೊಲಿದ ಒಂದು ಸೂಕ್ಷ್ಮಕ್ಕೆ ಮನಸೋತು, ಅದರ ಗುಂಗಿನಲ್ಲೇ ಅವರು ಬದುಕಿಬಿಡುತ್ತಾರೆ. ಬಂಡೆಯಾಳದ ನೀರಿನ ಸುಳಿವು ಹಿಡಿಯಬಲ್ಲ ಅವರ ಕಿವಿ, ಮೊಳದ ಅಂತರದಲ್ಲಿ ಕೂತವನ ಉಸಿರನ್ನೂ ಕೇಳುತ್ತದೆ. ಕೇಳಿ, ಅದನ್ನು ಅಡ್ಡಿಯೆಂದು ತಿಳಿಯುತ್ತದೆ.