ಒಂಬತ್ತು ಕಡ್ಡಿ ಉದ್ದ

"ಈ ಕಡ್ಡಿ ಯಾರದು?" ಎಂದು ಚಂದಪ್ಪ ಎರಡನೇ ಸಲ ಕೇಳಿದಾಗ ಶಿವಕಾಂತಾ ಹೆಣಿಗೆಯಿಂದ ತಲೆ ಎತ್ತಿದಳು.

ಅವಳ ಅಪ್ಪ ಬಾಗಿಲ ಬೆಳಕಿಗೆ ಕುಳಿತು, ಸಿಪ್ಪೆ ಸುಲಿದ ತೊಗರಿ ಕಟ್ಟಿಗೆಯ ಗೇಣುದ್ದದ ತುಂಡನ್ನು ಹೆಬ್ಬೆರಳಿನಿಂದ ಸವರುತ್ತಿದ್ದ.

"ಅಳತಿ ಕಡ್ಡಿ ಅಪ್ಪಾ. ಖಜೂರಿ ದೌಲತರಾಯರ ಮನಿದು. ಒಂಬತ್ತು ಕಡ್ಡಿ ಉದ್ದ, ಐದು ಕಡ್ಡಿ ಅಗಲ. ಎಲ್ಲೆರ ಒಗದಿ ಮತ್ತ, ನನ್ನ ಕೆಲಸ ಕೆಡ್ತದ."

ಆಳಂದದ ಬಸ್‌ಸ್ಟ್ಯಾಂಡಿನ ಹಿಂದಿನ ಆ ಒಂದೇ ಕೋಣೆಯಲ್ಲಿ ಶಿವಕಾಂತಾ ಕ್ರೋಶಾ ಸೂಜಿಯಿಂದ ಶಾಲು ಹೆಣೆದು ಕೊಡುತ್ತಿದ್ದಳು. ಕೇಳಿದ ಅಳತೆ, ಕೇಳಿದ ಬಣ್ಣ. ಗೂನು ಬೆನ್ನಿನ ಮುದುಕಿಗೆ ಹಿಂದೆ ನಾಲ್ಕು ಬೆರಳು ಹೆಚ್ಚು, ಮೊಲೆಯೂಡುವವಳಿಗೆ ಮುಂದೆ ಒಂದು ಮಡಿಕೆ ಹೆಚ್ಚು. ಮೇಷ್ಟರುಗಳು ಫೋನಿನಲ್ಲಿ ಇಂಚು ಬರೆದು ಕಳಿಸುತ್ತಿದ್ದರು. ಹಳ್ಳಿಯವರು ದಾರಕ್ಕೆ ಗಂಟು ಹಾಕಿ ತರುತ್ತಿದ್ದರು. ಹಾಗಾಗಿ ಕಡ್ಡಿ ಬಂದಾಗ ಅವಳಿಗೇನೂ ಅನ್ನಿಸಿರಲಿಲ್ಲ. ಬಿಸಿಲುಗಾಲದಲ್ಲಿ ಶಾಲು ಯಾಕೆಂದೂ ಅನ್ನಿಸಿರಲಿಲ್ಲ. ಮಗಳು ಶಾಂಭವಿಯನ್ನು ಅವಳ ಅಪ್ಪ ಕೇದಾರಕ್ಕೆ ಕರೆದೊಯ್ಯುತ್ತಾನೆ, ಅಲ್ಲಿ ಥಂಡಿ ಎಂದಿದ್ದಳು ದೌಲತರಾಯರ ಹೆಂಡತಿ ಸುಭದ್ರಾಬಾಯಿ. ಜೊತೆಗೆ ಬಂದಿದ್ದ ಡ್ರೈವರ್ ಮಾಳಿಂಗ ಮಾತೆಲ್ಲ ಕೇಳುತ್ತ ಹೊಸ್ತಿಲ ಮೇಲೆ ನಿಂತೇ ಇದ್ದ. "ಬಿಳಿದಿರ್ಲಿ. ಜೋಳದ ಕಾಳಿನಂಗ ಉಬ್ಬಿರ್ಲಿ, ಕೈಗಿ ಹತ್ತಬೇಕು" ಎಂದವಳು, ಹೋಗುವಾಗ ಇನ್ನೊಂದು ಮಾತು ಹೇಳಿದ್ದಳು: "ಕಡ್ಡಿ ನಿಮ್ಮ ಅಪ್ಪಾರಿಗಿ ಒಮ್ಮೆ ತೋರಸ್ರಿ. ಅಳತಿ ಅವರಿಗಿ ತಿಳೀತದ."

ಉಲ್ಲನ್ನಿನ ಗಂಧವಿಲ್ಲದ ಅಪ್ಪನಿಗೇನು ತಿಳಿಯುತ್ತದೆಂದು ಶಿವಕಾಂತಾ ನಕ್ಕು ಮರೆತಿದ್ದಳು. ಹದಿನೈದು ದಿನವಾಗಿತ್ತು. ಏಳು ಕಡ್ಡಿ ಮುಗಿದಿತ್ತು.

"ಇದು ಪಾದ," ಎಂದ ಚಂದಪ್ಪ.

"ಏನಂದಿ?"

"ಮೂವತ್ತು ವರ್ಷ ದೊಡ್ಡ ಮನಿಗೋಳ ಸಮಾಧಿ ತೋಡೀನಿ. ಸತ್ತವರ ಅಂಗಾಲಿಗಿ ಕಡ್ಡಿ ಹಚ್ಚಿ ಮುರೀತಿದ್ದೆ. ಅದರಲೆ ಒಂಬತ್ತು ಉದ್ದ, ಐದು ಅಗಲ. ಅವರವರ ಕುಣಿ ಅವರವರ ಪಾದಕ್ಕ." ಅವನು ಕಡ್ಡಿಯ ತುದಿಯನ್ನು ಮುಟ್ಟಿ ನೋಡಿದ. "ಹೆಣ್ಣ ಪಾದ. ಎಳೀದು."

"ಆ ಮನ್ಯಾಗ ಯಾರೂ ಸತ್ತಿಲ್ಲ ಅಪ್ಪಾ."

"ಸತ್ತಿದ್ರ ಈ ಕಡ್ಡಿ ನಿನ್ನ ಕಡಿ ಯಾಕ ಬರ್ತಿತ್ತು? ನನ್ನ ಕಡಿ ಬರ್ತಿತ್ತು."

ಮಡಿಲಲ್ಲಿದ್ದ ಶಾಲಿನ ಬಿಳಿ ಕಾಳುಗಳು ಒಮ್ಮೆಲೇ ಶಿವಕಾಂತಾಳ ಬೆರಳಿಗೆ ತಣ್ಣಗೆ ಹತ್ತಿದವು. ಶಾಂಭವಿಯೂ ಕೇರಿಯ ಸುನೀಲಕುಮಾರನೂ ಜೊತೆಗಿದ್ದ ಸುದ್ದಿ ತಾಲೂಕಿಗೆಲ್ಲ ಗೊತ್ತಿತ್ತು. ಹೋದ ತಿಂಗಳು ಅವನ ತಗಡಿನ ಮನೆ ಸುಟ್ಟಿತು. ಹುಡುಗ ಪುಣೆಗೆ ಹೋದ ಎಂದರು. ಯಾರು ಕಂಡರು ಎಂದು ಯಾರೂ ಕೇಳಲಿಲ್ಲ, ಅವಳೂ ಕೇಳಿರಲಿಲ್ಲ. ಹದಿನೈದು ದಿನದಿಂದ ತಾಯಿಯೊಬ್ಬಳು ಆ ಕಡ್ಡಿಯಲ್ಲಿ ತನ್ನ ಮುಂದೆ ಕಿರುಚುತ್ತಿದ್ದಳು, ತಾನು ಹೆಣೆಯುತ್ತಿದ್ದಳು.

"ಎಂದು ಹೊಂಟಾರ ಕೇದಾರಕ್ಕ?" ಕೇಳಿದ ಚಂದಪ್ಪ.

"ನಾಳಿಗಿ."

ಹತ್ತರ ಬಸ್ಸಿಗೆ ಅವಳು ಖಜೂರಿಯಲ್ಲಿ ಇಳಿದಳು. ದೌಲತರಾಯ ಪಡಸಾಲೆಯ ಜೋಕಾಲಿಯ ಮೇಲೆ ಕುಳಿತಿದ್ದ. ಮೇಲಿದ್ದ ಬಸವಣ್ಣನ ಫೋಟೋಕ್ಕೆ ಆಗಷ್ಟೇ ಹಾಕಿದ ಹೂವಿನ ನೀರು ಗೋಡೆಗೆ ಇಳಿಯುತ್ತಿತ್ತು.

"ಬಾರವ್ವ ತಂಗಿ. ಶಾಲು ಆಯ್ತೇನು?"

"ಎರಡು ಕಡ್ಡಿ ಕಮ್ಮಿ ಅದರಿ ಕಾಕಾ. ಮೈಮ್ಯಾಲ ಹಾಕಿ ನೋಡಾಮಂತ ಬಂದೆ."

"ಯಾವ ಕಡ್ಡಿ?"

ಅಡುಗೆಮನೆಯ ಬಾಗಿಲಲ್ಲಿ ಸುಭದ್ರಾಬಾಯಿಯ ಕೈಯೊಳಗಿನ ಮೊರ ನಿಂತಿತು. ಅದರಲ್ಲಿ ಕೇರುತ್ತಿದ್ದ ಬೇಳೆಯೂ ನಿಂತಿತು.

"ನಮ್ಮ ಕ್ರೋಶಾ ಮಾತರಿ ಅದು," ಎಂದಳು ಶಿವಕಾಂತಾ. "ಸೂಜಿ ಉದ್ದಕ್ಕ ಹಂಗ ಅಂತೇವಿ."

ಶಾಂಭವಿ ಓಡಿಬಂದಳು. "ಅಯ್ ಅಕ್ಕಾ, ಇದರಾಗ ನಾ ಕುರಿಮರಿ ಕಂಡಂಗ ಕಾಣ್ತೇನಿ! ಅಲ್ಲಿ ಬರ್ಫ ಬೀಳ್ತದಂತ, ಖರೆ ಏನು?" ಶಾಲು ಹೊದ್ದು ಗಿರಕಿ ಹೊಡೆದಳು. ಅಂಚು ನೋಡುವ ನೆಪದಿಂದ ಶಿವಕಾಂತಾ ನೆಲಕ್ಕೆ ಕುಳಿತು, ಶಾಲಿನ ಮರೆಯಲ್ಲಿ ಹುಡುಗಿಯ ಪಾದದ ಪಕ್ಕ ಕಡ್ಡಿ ಇಟ್ಟಳು. ಹಿಮ್ಮಡಿಯಿಂದ ಹೆಬ್ಬೆರಳಿನ ತನಕ. ಒಂದು ಎಳೆಯೂ ಹೆಚ್ಚಿಲ್ಲ.

ಹುಡುಗಿ ಕಿಲಕಿಲ ನಕ್ಕಳು. "ನಿಮಗೂ ಅವ್ವಗೂ ಒಂದ ಹುಚ್ಚು! ನಾ ನಿದ್ದ್ಯಾಗಿದ್ದಾಗ ಬಂದು ಆಕೀನೂ ಪಾದ ಹಿಡೀತಾಳ."

ಜೋಕಾಲಿಯ ಸರಪಳಿ ಸಪ್ಪಳ ನಿಲ್ಲಿಸಿತು.

"ಉಲ್ಲನ್ ಮುಗದದರಿ ಕಾಕಾ," ಶಿವಕಾಂತಾ ಎದ್ದಳು. ತನ್ನ ದನಿ ತನಗೇ ದೂರದಿಂದ ಕೇಳಿಸಿತು. "ಗಡಿ ಆಚಿ ಉಮರ್ಗಾದಾಗ ನಸ್ರೀನ ಅಂತ ಅದಾಳ, ಆಕಿ ಅಂಗಡ್ಯಾಗ ಸಿಗ್ತದ. ಹುಡುಗಿ ಬಂದು ಆರಿಸಿದ್ರ ಇವತ್ತ ಮುಗಸ್ತೇನಿ."

"ಬಿಳಿ ಅಂದ್ರ ಬಿಳಿ. ಅದರಾಗ ಆರಸೂದೇನದ?"

"ಬಿಳಿದ್ರಾಗೂ ಹತ್ತು ನಮೂನಿ ಅದಾವ." ಸುಭದ್ರಾಬಾಯಿ ಬೇಳೆಯಿಂದ ಕಣ್ಣೆತ್ತಲಿಲ್ಲ. "ಅರ್ಧ ಒಂದು, ಅರ್ಧ ಒಂದಾದ್ರ ಮಂದಿ ಆಡ್ಕೋತಾರ. ಕಡೀಗಿ ನೋಡೋರು ಮಂದೀನ ಅಲ್ಲೇನು?"

ದೌಲತರಾಯ ಹೆಂಡತಿಯ ಕಡೆ ತಿರುಗಿದ. ಮಂದಿ ಎಂಬ ಮಾತು ಆ ಮನೆಯಲ್ಲಿ ದೇವರಿಗಿಂತ ದೊಡ್ಡದು. "ಜೀಪು ಭೂಸನೂರಿಗಿ ಹೋಗ್ಯದ," ಎಂದ. "ಬಸ್ಸಿಗಿ ಹೋಗ್ರಿ. ನಾಕಕ್ಕ ಮನಿಯಾಗಿರಬೇಕು."

ಸುಭದ್ರಾಬಾಯಿ ಬೇಳೆ ಕೇರತೊಡಗಿದಳು. ಮಗಳು "ಹೋಗಿ ಬರ್ತೇನಿ ಬೇ" ಎಂದಾಗಲೂ ನಿಲ್ಲಿಸಲಿಲ್ಲ.

ಬಸ್ಸಿನಲ್ಲಿ ಶಾಂಭವಿ ಕಿಟಕಿ ಹಿಡಿದಳು. ಕೂದಲು ಬಾಯಿಗೆ ಬರುತ್ತಿದ್ದರೂ ಮಾತು ನಿಲ್ಲಲಿಲ್ಲ. "ಅಪ್ಪಗ ಸಿಟ್ಟು ಇಳದದ ಅಕ್ಕಾ. ಮಾತಾಡಸ್ತಾನ ಈಗ. ತಾನ ಕೈಯಾರೆ ಉಣಸ್ದ ಮೊನ್ನಿ."

"ನಿಮ್ಮವ್ವ ಬರಂಗಿಲ್ಲೇನು ಕೇದಾರಕ್ಕ?"

"ಇಲ್ಲ. ಅಪ್ಪ, ಕಾಕಾ, ನಾನು."

ಶಿವಕಾಂತಾ ಅವಳ ಕಿವಿಗೆ ಬಾಗಿ, ಅಪ್ಪ ಚಂದಪ್ಪ ಕಡ್ಡಿ ಹಿಡಿದು ಹೇಳಿದ್ದನ್ನು ಹಾಗೆಯೇ ಹೇಳಿದಳು. ಹುಡುಗಿ ಮೊದಲು ನಕ್ಕಳು. ಆಮೇಲೆ ಆ ನಗು ಇಳಿಯಲು ದಾರಿ ಸಿಗದೆ ಮುಖದ ಮೇಲೆಯೇ ಉಳಿಯಿತು.

"ಎಲ್ಲಿಗಿ?" ಕಂಡಕ್ಟರ್ ಕೇಳಿದ.

"ಉಮರ್ಗಾ. ಎರಡು."

"ನಾಕಕ್ಕ ಹೊಳ್ಳಿ ಬರ್ತೇವಲ್ಲ?" ಶಾಂಭವಿ ಕೇಳಿದಳು. "ನೀ ನಸ್ರೀನ ಹತ್ರ ಉಳೀತಿ," ಎಂದು ಶಿವಕಾಂತಾ ಚಿಲ್ಲರೆಯನ್ನು ಮುಷ್ಟಿಯಲ್ಲೇ ಹಿಡಿದುಕೊಂಡಳು.

ಹಿಂದಿನಿಂದ ಯಾವುದೋ ಗಾಡಿ ಬಿಡದೆ ಹಾರ್ನ್ ಹೊಡೆಯತೊಡಗಿತು. ಶಾಂಭವಿ ಕಿಟಕಿಯ ಗಾಜು ಎಳೆದು ಮುಚ್ಚಿ, ಎದ್ದು, ಒಳಗಿನ ಸೀಟಿಗೆ ಸರಿದು ಕುಳಿತಳು. ಖಾಲಿಯಾದ ಜಾಗದ ಪಕ್ಕ, ಗಾಜಿನ ಮೇಲೆ ಗಡಿಯ ರಸ್ತೆಯ ಧೂಳು ಸದ್ದಿಲ್ಲದೆ ಕೂರುತ್ತಿತ್ತು.