ಪರವಾಗಿಲ್ಲ ಎನ್ನದ ಹುಡುಗಿ

ನಮ್ಮ ಕಡೆ ಯಾರನ್ನು ಏನು ಕೇಳಿದರೂ ಬರುವ ಉತ್ತರ ಒಂದೇ. ಮೈ ಸುಡ್ತಿದೆಯಲ್ಲ ಅಂದರೆ, ಪರವಾಗಿಲ್ಲ. ಹೊತ್ತಾಯ್ತು, ಉಣ್ಣಲ್ವಾ ಅಂದರೆ, ಪರವಾಗಿಲ್ಲ. ತಮಿಳಿನಲ್ಲಿ ಕೇಳಿದರೂ ಅದೇ, ಪರವಾಯಿಲ್ಲೆ. ತಮಿಳು ಸೀಮೆಯಲ್ಲಿದ್ದು ಎರಡು ಭಾಷೆ ಆಡುವ ನಾವು ಈ ಮಾತನ್ನು ಎರಡರಲ್ಲೂ ಚೆನ್ನಾಗಿ ರೂಢಿ ಮಾಡಿಕೊಂಡಿದ್ದೇವೆ. ಮಾರಂಡಹಳ್ಳಿಯ ಒಬ್ಬ ಹುಡುಗಿಯ ಓಟವನ್ನು ಈ ಮಾತೇ ನಿಲ್ಲಿಸಿಬಿಡುವುದರಲ್ಲಿತ್ತು. ಅದು ಹೇಗೆ ಅಂತ ಹೇಳುತ್ತೇನೆ, ಕೇಳಿ.

ಹುಡುಗಿಯ ಹೆಸರು ಕಾರ್ತಿಕಾ. ಹನ್ನೆರಡನೇ ಕ್ಲಾಸು. ಅಪ್ಪ ಮಾರಿಯಪ್ಪ, ಅಮ್ಮ ಗಂಗಲಕ್ಷ್ಮಮ್ಮ, ರಾಗಿ ಟೊಮೇಟೊ ಬೆಳೆಯುವ ಮನೆ. ಅವಳದು ದೂರದ ಓಟ, ಮೈದಾನವನ್ನು ಸುತ್ತಿ ಸುತ್ತಿ ಓಡುವಂಥದ್ದು. ಬೆಳಗ್ಗೆ ಹಾಲಿನ ವ್ಯಾನು ಬರುವ ಮೊದಲೇ ಅವಳು ಪಾಲಕೋಡು ರಸ್ತೆಯಲ್ಲಿ ಇರುತ್ತಿದ್ದಳು. ಆ ಹುಡುಗಿ ಓಡುವುದನ್ನು ಕಂಡರೆ ನಮ್ಮಂಥ ಸೋಮಾರಿಗಳಿಗೂ ನಾಲ್ಕು ಹೆಜ್ಜೆ ಓಡೋಣ ಅನ್ನಿಸುತ್ತಿತ್ತು.

ಈಚೆಗೆ ಅವಳಿಗೆ ಮೊಣಕಾಲಿನ ಕೆಳಗೆ, ಎಲುಬಿನಲ್ಲಿ ನೋವು. "ಯಾಕೆ ಕುಂಟ್ತೀಯಾ?" ಅಂತ ಅಮ್ಮ ಕೇಳಿದರೆ, "ಪರವಾಗಿಲ್ಲಮ್ಮ." ಪಿ.ಟಿ. ಸಾರ್ ಕೇಳಿದರೆ, "ಪರವಾಯಿಲ್ಲೆ ಸಾರ್." ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಿದಳು, ಕಾಲಿಗೆ ಬಟ್ಟೆ ಬಿಗಿದಳು, ಧರ್ಮಪುರಿಯ ಪಂದ್ಯದಲ್ಲಿ ಓಡಿ ಮೂರನೆಯವಳಾಗಿ ಬಂದಳು. ವಾಪಸು ಬರುವಾಗ ಬಸ್ಸಿನ ಮೆಟ್ಟಿಲು ಇಳಿಯಲು ಆಗಲಿಲ್ಲ. ಕಂಡಕ್ಟರ್ ಕೈ ಹಿಡಿದು ಇಳಿಸಿದರು.

ಮನೆಯಲ್ಲಿ ಗಂಗಲಕ್ಷ್ಮಮ್ಮ ಅವಳ ಕಾಲಿಗೆ ಬಿಗಿದಿದ್ದ ಬಟ್ಟೆ ಬಿಚ್ಚಿ ನೋಡಿದರು. "ಸಾಕು ಕಣೇ, ಓಟ ಇನ್ನ ಬ್ಯಾಡ. ಕಾಲೇ ಓಗ್ಬಿಟ್ರೆ ನಾಳೆ ಯಾರು ತಂದ್ಕೊಡ್ತಾರೆ?" ಅಂದರು. ಮಗಳು ಅಳಲಿಲ್ಲ. ಓಡುವ ಶೂಗಳನ್ನು ಮಾತ್ರ ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದಳು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದಾಗ ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಡಾಕ್ಟರು ಓಟ ನಿಲ್ಲಿಸಿ ವಿಶ್ರಾಂತಿ ತಗೋ ಅಂದು, ಫಿಸಿಯೋಥೆರಪಿಯ ಶಾಂತಿ ಅವರ ಹತ್ತಿರ ಕಳಿಸಿದರು. ಶಾಂತಿ ಓಮಲೂರಿನವರು, ಮನೆಮಾತು ಕನ್ನಡವೇ.

"ಬಿದ್ದಿಲ್ಲ, ಎಡವಿಲ್ಲ. ಬಿರುಕು ಎಂಗ್ ಬಂತು?" ಗಂಗಲಕ್ಷ್ಮಮ್ಮನಿಗೆ ನಂಬಿಕೆಯೇ ಬರಲಿಲ್ಲ.

"ಓಡ್ದಾಗೆಲ್ಲ ಎಲುಬಿಗೆ ಏಟು ಬೀಳ್ತೈತೆ ಅಕ್ಕಾ. ರೆಸ್ಟು, ಊಟ ಸಿಕ್ರೆ ಅದೇ ಸರಿ ಮಾಡ್ಕೊಳ್ತೈತೆ. ಸಿಗ್ದಿದ್ರೆ ಬಿರುಕು ಬಿಡ್ತೈತೆ," ಅಂದ ಶಾಂತಿ, ಹುಡುಗಿಯ ಕಡೆ ತಿರುಗಿದರು. "ಶುರೂನಲ್ಲಿ ನೋವು ಎಂಗಿತ್ತು?"

"ಪರವಾಗಿಲ್ಲ ಅನ್ನೋ ಅಂಗಿತ್ತು."

"ಒಟ್ಟೆ ತುಂಬ ಉಣ್ತೀಯಾ?"

"ಪರವಾಗಿಲ್ಲಕ್ಕಾ."

"ತಿಂಗ್ಳು ತಿಂಗ್ಳು ಮುಟ್ಟು ಸರಿಯಾಗಿ ಆಗ್ತೈತಾ?"

ಕಾರ್ತಿಕಾ ಅಮ್ಮನ ಮುಖ ನೋಡಿದಳು. "ಪರವಾಗಿಲ್ಲ," ಅಂದಳು.

ಶಾಂತಿಗೆ ನಗು ಬಂತು. "ಮೂರು ಕೇಳ್ದೆ, ಮೂರಕ್ಕೂ ಒಂದೇ ಉತ್ತರ ಕೊಟ್ಯಲ್ಲಾ ಚಿನ್ನಾ. ಪರವಾಗಿಲ್ಲ ಅಂದ್ರೆ ನಾನು ಏನಂತ ತಿಳ್ಕೊಳ್ಲಿ? ನೋಯ್ತೈತಾ ಇಲ್ವಾ, ಅದನ್ನ ಏಳು."

ಆಗ ಎಲ್ಲ ಹೊರಗೆ ಬಂತು. ಮೈ ಹಗುರ ಇದ್ದರೆ ಜೋರಾಗಿ ಓಡಬಹುದು ಅಂತ ರಾತ್ರಿ ಮುದ್ದೆ ಬಿಟ್ಟಿದ್ದಳು. ಮುಟ್ಟು ನಿಂತು ಎಷ್ಟೋ ತಿಂಗಳಾಗಿತ್ತು, ಓಡುವುದಕ್ಕೆ ಅನುಕೂಲವೇ ಆಯ್ತು ಅಂತ ಸುಮ್ಮನಿದ್ದಳು. ಒಂದೇ ಮನೆಯಲ್ಲಿದ್ದೂ ನನಗೆ ಗೊತ್ತಾಗಲಿಲ್ಲವಲ್ಲ ಅಂತ ಗಂಗಲಕ್ಷ್ಮಮ್ಮ ಹಣೆ ಚಚ್ಚಿಕೊಂಡರು.

"ಅದು ಅನುಕೂಲ ಅಲ್ಲ ಕಣಮ್ಮಾ," ಶಾಂತಿ ಅಂದರು. "ಓಡೋ ಉಡುಗಿಗೆ ಮುಟ್ಟು ನಿಂತ್ರೆ, ತಿನ್ನೋದು ಸಾಲ್ತಿಲ್ಲ ಅಂತ ಮೈ ಏಳ್ತಾ ಇರ್ಬೋದು. ಅದ್ರಿಂದ ಎಲುಬೂ ಸೊರಗ್ತೈತೆ. ಡಾಕ್ಟರಮ್ಮಂಗೆ ಇದನ್ನೂ ಏಳ್ಬಿಡಿ."

"ಅಂಗಾದ್ರೆ ಓಟಾನೇ ಬಿಟ್ಬಿಡ್ಲಿ," ಅಂದರು ಗಂಗಲಕ್ಷ್ಮಮ್ಮ.

"ಯಾಕಕ್ಕಾ ಬಿಡ್ಬೇಕು? ಕೂಡಿದ ಎಲುಬು ಓಡ್ತೈತೆ. ಅವಸರ ಮಾಡ್ಬಾರ್ದು ಅಷ್ಟೆ. ನಡೆಯೋವಾಗ ನೋವೇ ಇಲ್ಲ ಅಂದ್ಮೇಲೆ, ನಾನು ಸರಿ ಅಂದ್ಮೇಲೆ ಶುರು ಮಾಡ್ಲಿ. ಕರೆಂಟ್ ಕಂಬ ಐತಲ್ಲಾ, ಒಂದು ಕಂಬ ಓಡು, ಎರಡು ಕಂಬ ನಡಿ. ಓಡ್ತಾ ಓಡ್ತಾ ಮಾತಾಡಕ್ ಆಗ್ಬೇಕು. ಮಾತು ಕಟ್ತಾ, ಜಾಸ್ತಿ ಆಯ್ತು ಅಂತ. ಮಾರ್ನೇ ದಿನ ಕಾಲೆಲ್ಲ ಇಡ್ಕೊಂಡಂಗಿದ್ರೆ ಅದು ಆಯಾಸ. ಎಲುಬಿನ ಮೇಲೆ ಒಂದೇ ಬೆರಳಿಟ್ಟು ಇಲ್ಲೇ ನೋವು ಅಂತ ತೋರ್ಸೋ ಅಂಗಿದ್ರೆ, ಅಲ್ಲೇ ನಿಲ್ಸಿ ನನ್ನತ್ರ ಬಾ."

ಗಂಗಲಕ್ಷ್ಮಮ್ಮ ಕುರ್ಚಿಯಿಂದ ಗೋಡೆ ಹಿಡಿದು ಎದ್ದರು. ಈ ಬೆರಳಿನ ಲೆಕ್ಕ ಅವರಿಗೆ ಅಷ್ಟಾಗಿ ಹಿಡಿಸಲಿಲ್ಲ.

ಆದರೂ ಮನೆಯಲ್ಲಿ ಮುದ್ದೆ, ಮೊಟ್ಟೆ, ಸೊಪ್ಪಿನ ಸಾರು, ಹುರಿದ ಕಡಲೆಕಾಯಿ ತಪ್ಪಲಿಲ್ಲ. ಮುಟ್ಟು ಮತ್ತೆ ಬಂತು. ನಡೆದರೆ ಕಾಲು ನೋಯದಂತಾಯಿತು. ಶಾಂತಿ ಸರಿ ಅಂದ ಮೇಲೆ ಕಾರ್ತಿಕಾ ಮತ್ತೆ ರಸ್ತೆಗೆ ಇಳಿದಳು. ಮಾತಾಡಿಸುವುದಕ್ಕೆ ಅಂತ ಪಕ್ಕದಲ್ಲಿ ಟಿವಿಎಸ್ ಮೊಪೆಡ್ಡಿನ ಮೇಲೆ ಅಮ್ಮ.

"ಸಾರಿಗೆ ಏನ್ ಆಕ್ಲಿ?"

"ಅವರೆಕಾಳು ಆಕಮ್ಮಾ, ಬದನೆಕಾಯಿ ಬ್ಯಾಡ, ನೆನ್ನೇನೂ ಅದೇ." ಉಸಿರು ಕಟ್ಟದೆ ಇಷ್ಟೂ ಮಾತು ಬಂದರೆ ಮುಂದಿನ ಕಂಬ.

ಟೀ ಅಂಗಡಿಯವರು ಬಿಡುತ್ತಾರೆಯೇ? "ಎನ್ನಮ್ಮಾ, ವಾಕಿಂಗಾ?" ಅಂತ ತಮಿಳಿನಲ್ಲಿ ಕೆಣಕಿದರು. ಸೈಕಲ್ಲಿನ ಮಕ್ಕಳು "ಆಮೆ ಅಕ್ಕಾ" ಅಂತ ಕೂಗಿ ಮುಂದೆ ಹೋದವು. ಹಿಂದೆ ಇದೇ ರಸ್ತೆಯಲ್ಲಿ ಆ ಸೈಕಲ್ಲುಗಳನ್ನು ಹಿಂದೆ ಹಾಕಿದವಳು ಅವಳು. ಮುಖ ಕೆಂಪಾಯಿತು, ಹೆಜ್ಜೆ ಜೋರಾಗಲಿಲ್ಲ. ಕಂಬ ಬಂದಾಗ ಓಟ ನಿಲ್ಲಿಸಿ ನಡೆದಳು. ಪಂದ್ಯ ಗೆಲ್ಲುವವರನ್ನು ಬೇಕಾದಷ್ಟು ನೋಡಿದ್ದೇನೆ. ಊರೆಲ್ಲ ನೋಡಿ ನಗುವಾಗ ಹೀಗೆ ಮೆಲ್ಲಗೆ ಓಡಿದವರನ್ನು ನಾನು ಕಂಡಿದ್ದು ಅದೇ ಮೊದಲು.

ವಾರ ವಾರ ಕಂಬಗಳು ಹೆಚ್ಚಿದವು. ಕೊನೆಗೆ ನಡಿಗೆಯೇ ಇಲ್ಲದೆ ಓಡುವ ಹಂತಕ್ಕೆ ಬಂದಳು. ಅಷ್ಟರಲ್ಲಿ ಸೇಲಂನಿಂದ ಸುದ್ದಿ ಬಂತು. ದೊಡ್ಡ ಪಂದ್ಯಕ್ಕೆ ಹುಡುಗಿಯರನ್ನು ಆರಿಸುತ್ತಾರಂತೆ. ಶಾಂತಿಯೂ ಒಪ್ಪಿದರು. ಮಾರಿಯಪ್ಪ ಹೊಸ ಶೂ ತಂದರು.

ಹೊರಡುವ ಹಿಂದಿನ ದಿನ ಬೆಳಗ್ಗೆ ಓಡಿ ಬಂದ ಕಾರ್ತಿಕಾ ಜಗಲಿಯ ಮೇಲೆ ಕೂತಳು. ಕೈ ಕಾಲಿನ ಮೇಲೆ ಇತ್ತು.

"ಏನೇ?" ಅಂದರು ಗಂಗಲಕ್ಷ್ಮಮ್ಮ.

"ಪರವಾ..." ಅಂದವಳು ಅಲ್ಲೇ ನಿಲ್ಲಿಸಿದಳು. ಹೊಸ ಶೂ ಕಡೆ ಒಂದು ಸಲ ನೋಡಿದಳು. ಎಲುಬಿನ ಮೇಲೆ ಒಂದೇ ಬೆರಳಿಟ್ಟಳು. "ನೋಯ್ತೈತಮ್ಮಾ. ಇಲ್ಲೇ."

ಗಂಗಲಕ್ಷ್ಮಮ್ಮ ಬಂದು ಪಕ್ಕದಲ್ಲಿ ಕೂತರು. ಓಟ ನಿಲ್ಲಿಸಬೇಕು ಅಂತ ಹಟ ಹಿಡಿದಿದ್ದವರು ಅವರು. ಈಗ, ಇಷ್ಟು ಆಸೆಪಟ್ಟ ಓಟವನ್ನು ತಾನಾಗಿ ಕೈಬಿಟ್ಟು ನಿಜ ಹೇಳಿದ ಮಗಳನ್ನು ಕಂಡು ಕಣ್ಣು ತುಂಬಿ ಬಂತು. ಇಂಥ ಹುಡುಗಿಯನ್ನು ನಂಬಿ ಓಡಲು ಬಿಡಬಹುದು ಅನ್ನಿಸಿತು.

"ಸೇಲಂ ಎಲ್ಲಿಗೂ ಓಗಲ್ಲ," ಅಂದರು. "ಬಾ, ಶಾಂತಿಯಮ್ಮನ ಅತ್ರ ಓಗಾಣ."

ಡಾಕ್ಟರು ಮತ್ತೆ ಸ್ಕ್ಯಾನ್ ಮಾಡಿಸಿದರು. ಬಿರುಕು ಬಿಟ್ಟಿರಲಿಲ್ಲ. "ಇವತ್ತೇ ಬಂದಿದ್ದು ಒಳ್ಳೇದಾಯ್ತು," ಅಂದರು ಶಾಂತಿ. "ನಾಳೆ ಓಡಿದ್ರೆ ಬಿಡ್ತಿತ್ತೋ ಏನೋ. ಸ್ವಲ್ಪ ದಿನ ರೆಸ್ಟು, ಆಮೇಲೆ ಮತ್ತೆ ಕಂಬದಿಂದ ಶುರು." ಕಾರ್ತಿಕಾ ಆಗ ಅತ್ತಳು. ಅತ್ತು ಮುಗಿಸಿ, ಸರಿ ಅಂದಳು.

ಹೊರಡುವಾಗ ಗಂಗಲಕ್ಷ್ಮಮ್ಮ ಮತ್ತೆ ಗೋಡೆ ಹಿಡಿದು ಎದ್ದರು.

"ಅಮ್ಮಾ, ನಿನ್ ಮೊಣಕಾಲಿಗೆ ಏನಾಗೈತೆ?" ಕಾರ್ತಿಕಾ ಕೇಳಿದಳು.

"ಪರವಾ..." ಅಂದರು ಗಂಗಲಕ್ಷ್ಮಮ್ಮ. ಮಗಳೂ ಶಾಂತಿಯೂ ಅವರನ್ನೇ ನೋಡುತ್ತಿದ್ದರು. ಗಂಗಲಕ್ಷ್ಮಮ್ಮ ನಿಧಾನವಾಗಿ ಮತ್ತೆ ಕುರ್ಚಿಯಲ್ಲಿ ಕೂತು, ಸೀರೆಯನ್ನು ಸ್ವಲ್ಪ ಮೇಲೆತ್ತಿ, ಮೊಣಕಾಲಿನ ಮೇಲೆ ಬೆರಳಿಟ್ಟು ತೋರಿಸಿದರು.

ಕಾರ್ತಿಕಾ ಈಗ ಮತ್ತೆ ಪಾಲಕೋಡು ರಸ್ತೆಯಲ್ಲಿ ಓಡುತ್ತಿದ್ದಾಳೆ. ಟೀ ಅಂಗಡಿಯವರು ಈಗ ಕೈ ಬೀಸುತ್ತಾರೆ. ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಓಡುವ, ಆಡುವ ಮಗು ಇರಬಹುದು. ನೋವನ್ನು ಮಾತ್ರೆಯಲ್ಲಿ ಮುಚ್ಚಬೇಡಿ, ಆಟವನ್ನೂ ಹೆದರಿ ಬಿಡಿಸಬೇಡಿ. ಹೊಟ್ಟೆ ತುಂಬ ಊಟ ಹಾಕಿ, ಬೇಗ ಆಸ್ಪತ್ರೆಗೆ ತೋರಿಸಿ, ಮೆಲ್ಲಗೆ ಮತ್ತೆ ಶುರು ಮಾಡಲು ಬಿಡಿ. ಇವತ್ತು ಮನೆಗೆ ಹೋದ ಮೇಲೆ ನಿಮ್ಮವರನ್ನು ಕೂರಿಸಿಕೊಂಡು ಎಲ್ಲಿ ನೋಯುತ್ತದೆ ಅಂತ ಕೇಳಿ. ಪರವಾಗಿಲ್ಲ ಅಂದರೆ, ಇನ್ನೊಂದು ಸಲ ಕೇಳಿ.